ಹಿತ್ತಾಳೆ ಎಲ್ಬೋ ಮತ್ತು ಮೊಮ್ಮಗಳ ತೊಟ್ಟಿಲು

ಗಾಳಿ ಬಿಟ್ಟಿಯಾಗಿ ಸಿಗುತ್ತದೆ ಎನ್ನುವವರು ಅದನ್ನು ಮನೆಯಲ್ಲಿ ಹಿಡಿದಿಟ್ಟುಕೊಳ್ಳಲು ಹೋದವರಲ್ಲ. ನಾನು ಹೋಗಿದ್ದೆ. ದನದ ಆಸ್ಪತ್ರೆಯ ಕಾಂಪೌಂಡರನಿಗೆ ಏರ್ ಕಂಪ್ರೆಸರ್ ಯಾಕೆ ಎಂದು ನೀವು ಕೇಳಬೇಡಿ. ನನ್ನ ಹೆಂಡತಿ ಗಿರಿಜೆ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾಳೆ. ಪಂಕ್ಚರ್ ಅಂಗಡಿಯವನೊಬ್ಬ ಹಳೆಯದನ್ನು ಮಾರುತ್ತಿದ್ದ, ನಾನು ಕೊಂಡುತಂದೆ, ಅಷ್ಟೆ. ಹಿತ್ತಲ ಕೊಟ್ಟಿಗೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ಅದನ್ನಿಟ್ಟು ಆ ಜಾಗಕ್ಕೆ ವರ್ಕ್‌ಶಾಪ್ ಎಂದು ಹೆಸರಿಟ್ಟೆ. ಅಟ್ಟದ ಸಂದಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು, ಮೇಲೆ ಕಾಯಿಗಳು ಸದ್ದಿಲ್ಲದೆ ಒಣಗುತ್ತಿದ್ದವು. ಅಲ್ಲಿ ಸುಮ್ಮನೆ ಕೂತಿರುವುದೇ ನನಗೆ ಸುಖವಾಗಿತ್ತು.

ಆಗ ಮಗಳು ಹೆರಿಗೆಗೆ ಬಂದಿದ್ದಳು. ಅವಳೇ ಹಿಂದೆ ಮಲಗಿದ್ದ ತೊಟ್ಟಿಲಿಗೆ ಸ್ಪ್ರೇ ಗನ್ನಿನಲ್ಲಿ ಬಣ್ಣ ಹೊಡೆದು, ಬ್ರಷ್ಷಿನ ಒಂದು ಗೀರೂ ಕಾಣದಂತೆ ಮೊಮ್ಮಗುವಿಗೆ ಕೊಡಬೇಕೆಂದು ನನಗೆ ಮಹದಾಸೆ. ಆದರೆ ಮಗು ಹುಟ್ಟುವ ಮೊದಲು ತೊಟ್ಟಿಲು ಮುಟ್ಟಕೂಡದೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಮೊಮ್ಮಗಳು ಹುಟ್ಟಿದ ಮೇಲೆ, ಹೆಸರಿಡುವ ಶಾಸ್ತ್ರದೊಳಗೆ ಕೆಲಸ ಮುಗಿಯಬೇಕಿತ್ತು. ಸುದ್ದಿ ಬಂದದ್ದೇ ತೊಟ್ಟಿಲನ್ನು ಕೊಟ್ಟಿಗೆಗೆ ಹೊತ್ತು ಹಾಕಿ, ನೊಣವಿನಕೆರೆಯಿಂದ ತಿಪಟೂರಿನ ಬಸ್ಸು ಹತ್ತಿದೆ. ಕಂಪ್ರೆಸರಿನಿಂದ ಗನ್ನಿನವರೆಗೆ ಪೈಪು ಎಳೆಯಲು ಫಿಟಿಂಗ್ಸ್ ಬೇಕಿತ್ತು.

ಹಾರ್ಡ್‌ವೇರ್ ಅಂಗಡಿಗೆ ಕಾಲಿಟ್ಟರೆ ನನಗೆ ಮೈಮರೆವು. ಪೈಪು ಕೂಡಿಸುವ ಎಲ್ಬೋ, ಟೀ, ನಿಪ್ಪಲ್, ಯೂನಿಯನ್ ಎಲ್ಲ ಡಬ್ಬಿಡಬ್ಬಿಯಾಗಿ ಹೊಳೆಯುತ್ತಿದ್ದವು. ಮೊಣಕೈಯಂತೆ ಬಾಗಿದ ಹಿತ್ತಾಳೆಯ ಎಲ್ಬೋ ಒಂದನ್ನು ಕೈಗೆತ್ತಿಕೊಂಡೆ. ತಣ್ಣಗೆ, ಹಿತವಾದ ಭಾರ. ತೂತಿಗೆ ಕಣ್ಣಿಟ್ಟು ನೋಡಿದರೆ ಆಚೆಯ ಬೀದಿ ಕಾಣಲಿಲ್ಲ, ಒಳಗಿನ ತಿರುವು ಕಂಡಿತು. ಆ ತಿರುವಿನಲ್ಲಿ ಗಾಳಿ ಹೇಗೆ ಹೊರಳೀತು, ಆಮೇಲೆ ಬಣ್ಣವನ್ನು ಇಬ್ಬನಿಯಂತೆ ತೊಟ್ಟಿಲ ಮೇಲೆ ಹೇಗೆ ಇಳಿಸೀತು ಎಂದು ಯೋಚಿಸುತ್ತ ನಿಂತುಬಿಟ್ಟೆ.

"ಕಾಲಿಂಚಾ, ಅರ್ಧ ಇಂಚಾ ಹೇಳಿ ಸಾರ್," ಅಂದ ಅಂಗಡಿಯವನು.

"ಎರಡೂ ಚೆನ್ನಾಗವೆ," ಅಂದೆ.

ಹೀಗೆ ಆರಿಸಿದ್ದರಿಂದ ಮನೆಗೆ ಬಂದು ನೋಡಿದರೆ ಒಂದಕ್ಕೊಂದು ಕೂಡುತ್ತಿರಲಿಲ್ಲ. ಬದಲಾಯಿಸಲು ಮತ್ತೆ ಹೋದೆ, ಹೊಸ ವಾಲ್ವ್ ಒಂದನ್ನು ನೋಡಿ ಮತ್ತೆ ಮೈಮರೆತೆ. "ತೊಟ್ಲು ಕೊಡ್ರೀ, ನಾನೇ ಬಳಿದುಬಿಡ್ತೀನಿ," ಎಂದು ಗಿರಿಜೆ ದಿನಾ ಕೇಳುವಳು. ನಾನು ಕೊಡಲಿಲ್ಲ. ಶಾಸ್ತ್ರದ ದಿನ ಹತ್ತಿರವಾದಂತೆ ನನಗೂ ಒಳಗೊಳಗೇ ದಿಗಿಲು.

ಅಂತೂ ಎಲ್ಲವನ್ನೂ ಕೂಡಿಸಿದೆ. ಗಾಳಿ ಸೋರದಂತೆ ತಿರುಪುಗಳಿಗೆ ಸುತ್ತಲು ಅಂಗಡಿಯವನು ಬಿಳಿ ಟೇಪು ಕೊಟ್ಟಿದ್ದ. ಹಸು ಕಟ್ಟುವುದರಿಂದ ಹಿಡಿದು ಸೂರು ಬಿಗಿಯುವವರೆಗೆ ತೆಂಗಿನ ನಾರನ್ನೇ ನಂಬಿದ ಸೀಮೆಯವನಿಗೆ ಆ ತೆಳ್ಳನೆಯ ಟೇಪಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ನಾರನ್ನೇ ಎಳೆಎಳೆಯಾಗಿ ಬಿಡಿಸಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಸುತ್ತಿದೆ. ಸ್ವಿಚ್ ಹಾಕಿದೆ. ಟ್ಯಾಂಕು ತುಂಬಿತು. ವಾಲ್ವ್ ತಿರುಗಿಸಿದ್ದೇ ತಡ, ಒಂದು ಜಾಯಿಂಟೂ ಬಿಡದೆ ಎಲ್ಲವೂ ಬುಸ್ ಎಂದವು. ಗಾಬರಿಯಲ್ಲಿ ಸ್ವಿಚ್ ಆರಿಸಿದರೂ ಬುಸುಗುಡುವುದು ನಿಲ್ಲಲಿಲ್ಲ.

"ಹಾವು ಕಣ್ರೀ! ಅಟ್ಟದ ಕೆಳಗೆ ಹಾವು!" ಎಂದು ಹಿತ್ತಲ ಬಾಗಿಲಲ್ಲಿ ಗಿರಿಜೆ ಕೂಗಿಕೊಂಡಳು.

ಪಕ್ಕದ ಮನೆಯ ಶಿವಣ್ಣ ದೊಣ್ಣೆ ಹಿಡಿದು ಓಡಿಬಂದ. "ಎತ್ಲಾಗ್ ಹೋಯ್ತು ಕಾಂಪೌಂಡ್ರೇ?"

ಅದು ನನ್ನ ಪೈಪು ಎಂದು ಹೇಳಬಹುದಿತ್ತು. ಊರೆಲ್ಲ ನಗುತ್ತದಲ್ಲ ಎಂದು ನಾಚಿಕೆಯಾಗಿ, "ಆ ಮಟ್ಟೆ ರಾಶಿ ಕಡೆ. ಬಾಲ ಕಂಡೆ," ಅಂದೆ. ನಾನೂ ಒಂದು ಕೋಲು ಹಿಡಿದು ಹುಡುಕಿದೆ. ಅಷ್ಟರಲ್ಲಿ ಟ್ಯಾಂಕು ಬರಿದಾಗಿ ಸದ್ದು ನಿಂತಿತು.

"ಸಿಗಾಕಿಲ್ಲ ಬುಡಿ. ಬಾಣಂತಿ ಇರೋ ಮನೆ, ಬೀಗ ಜಡೀರಿ," ಅಂದ ಶಿವಣ್ಣ. ಗಿರಿಜೆ ತೊಟ್ಟಿಲನ್ನು ಜಗಲಿಗೆ ಎಳೆದಳು, ಕೊಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಸಂಜೆಯೊಳಗೆ ತೊಟ್ಟಿಲು ಬ್ರಷ್ಷಿನಲ್ಲೇ ಹಸಿರಾಯಿತು.

ಶಾಸ್ತ್ರ ಚೆನ್ನಾಗಿಯೇ ನಡೆಯಿತು. ನೆಂಟರೆಲ್ಲ ಹೋದ ಮೇಲೆ ತೊಟ್ಟಿಲ ಪಕ್ಕ ಕೂತು ಮೆಲ್ಲಗೆ, "ಇನ್ನಾದ್ರೂ ಕೀಲಿ ಕೊಡೇ. ಅಲ್ಲಿ ಹಾವೂ ಇಲ್ಲ, ಏನೂ ಇಲ್ಲ. ಅದು ಪೈಪಿನ ಸದ್ದು," ಎಂದೆ.

"ಗೊತ್ತು ಕಣ್ರೀ," ಅಂದಳು ಗಿರಿಜೆ. "ಹಾವು ಅಂತ ಕೂಗದೆ ಹೋಗಿದ್ರೆ ನೀವು ತೊಟ್ಲು ಬಿಟ್ಟುಕೊಡ್ತಿದ್ರಾ? ಮಗೀನ ಮೊರದಲ್ಲೇ ಮಲಗಿಸಿ ಹೆಸರಿಡಬೇಕಾಗಿತ್ತು." ಮಗುವಿನ ಹೊದಿಕೆ ಸರಿಮಾಡಿ ನನ್ನ ಕಡೆ ತಿರುಗಿದಳು. "ಅದಿರ್ಲಿ, ನೀವು ಬಾಲ ಕಂಡೆ ಅಂದ್ರಲ್ಲ, ಎಷ್ಟುದ್ದ ಇತ್ತು?"

ನಾನು ತೊಟ್ಟಿಲು ತೂಗತೊಡಗಿದೆ.