ಮೈನಸ್ ಮೂರನ್ನು ಹೊರಹಾಕಿದ ಕಥೆ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಎರಡನೆಯ ವರ್ಷಕ್ಕೇ ಕಾಲೇಜು ಬಿಟ್ಟು ಅಪ್ಪನ ರೇಷ್ಮೆ ಮಗ್ಗಕ್ಕೆ ಕೂತೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ನಾನಾಗಿ ಹೇಳಲು ಹೋಗುತ್ತಲೂ ಇರಲಿಲ್ಲ. ಯಾವ ಅರ್ಜಿ ಬಂದರೂ ತುಂಬಿಸಿಕೊಳ್ಳಲು ಜನ ನಮ್ಮ ಮನೆಗೇ ಬರುತ್ತಿದ್ದರು.

ಊರಲ್ಲಿ ಎಸ್.ಟಿ.ಡಿ. ಬೂತುಗಳು ಹೊಸದಾಗಿ ತೆರೆಯುತ್ತಿದ್ದ ಕಾಲ. ನನ್ನ ಹೆಂಡತಿ ರತ್ನಳ ತಂಗಿ ಮಂಜುಳ ಸೆಕೆಂಡ್ ಪಿಯುಸಿಯಲ್ಲಿ ಗಣಿತ ಒಂದರಲ್ಲಿ ಫೇಲಾದಳು. ಯಳಂದೂರಿನಲ್ಲಿದ್ದ ನಮ್ಮ ಮಾವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಅಕ್ಟೋಬರಿನಲ್ಲಿ ಪಾಸಾದರೆ ಡಿಗ್ರಿ, ಇಲ್ಲವಾದರೆ ಕಾಮಗೆರೆಯ ಗಂಡು. ಗಂಡಿನ ಕಡೆಯವರು ಆಗಲೇ ಒಮ್ಮೆ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಮಂಜುಳ ಅವತ್ತಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಯಾರ್ತಾವಾದ್ರೂ ಟ್ಯೂಷನ್‌ಗೆ ಆಕವಾ" ಎಂದಳು ರತ್ನ.

"ಮನೆಯಲ್ಲಿ ನಾನಿರುವಾಗ?" ಎಂದೆ.

ರತ್ನ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದ ಅರ್ಥವನ್ನು ಅವತ್ತೇ ತಿಳಿದುಕೊಂಡಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಂಜುಳ ಪುಸ್ತಕ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಪಾಠ. ಮೊದಲ ದಿನ ಫಂಕ್ಷನ್. ಪಕ್ಕದ ಮನೆಯಲ್ಲಿ ರೇಷ್ಮೆ ಎಳೆಗೆ ಹುರಿ ಹಾಕುವ ಮಿಷನ್ ಇತ್ತು. ಅದನ್ನೇ ತೋರಿಸಿದೆ. "ನೋಡವ್ವಾ, ಈ ಕಡೆಯಿಂದ ಎಳೆ ಒಳಗೆ ಹೋಗ್ತದೆ, ಆ ಕಡೆಯಿಂದ ಹುರಿಯಾಗಿ ಬರ್ತದೆ. ಒಳಗೆ ಹೋದದ್ದು ಎಕ್ಸ್. ಹೊರಗೆ ಬಂದದ್ದು ಎಫ್ ಆಫ್ ಎಕ್ಸ್. ಮಿಷನ್ನೇ ಫಂಕ್ಷನ್."

ಅವಳಿಗೆ ತಕ್ಷಣ ಅರ್ಥವಾಯಿತು. ನಾನು ಮೇಷ್ಟರಾಗಬೇಕಿತ್ತು, ನಾಡಿಗೆ ದೊಡ್ಡ ನಷ್ಟವಾಯಿತು ಎಂದುಕೊಂಡೆ. ಅಲ್ಲಿಗೇ ಪಾಠ ಮುಗಿಸಿ ಕೈ ತೊಳೆದುಕೊಂಡಿದ್ದರೆ ಎಲ್ಲರಿಗೂ ಕ್ಷೇಮವಿತ್ತು.

ಎರಡನೆಯ ವಾರ ಸಮೀಕರಣಗಳು ಬಂದವು. ಒಂದು ಲೆಕ್ಕ ಬಿಡಿಸಿದರೆ ಎರಡು ಮೂರು ಉತ್ತರ ಬರುತ್ತಿದ್ದವು. ಅದರಲ್ಲಿ ಒಂದಾದರೂ ಮೈನಸ್. ನಾನು ಕೆಂಪು ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದೆ.

"ಭಾವ, ಪುಸ್ತಕದ ಇಂದ್ಗಡೆ ಎಲ್ಲಾ ಉತ್ತರಾನೂ ಕೊಟ್ಟವ್ರೆ" ಎಂದಳು ಮಂಜುಳ.

"ಪುಸ್ತಕ ಬರೆದವರು ಮಗ್ಗದ ಮುಂದೆ ಕೂತಿದ್ದಾರಾ?" ಎಂದೆ.

ನಾನು ಹದಿನೈದು ವರ್ಷ ಕೂತವನು. ಸೀರೆಯ ಉದ್ದವಾಗಲಿ, ಅಂಚಿನ ಅಗಲವಾಗಲಿ, ಹಾಸಿನ ಎಳೆಯಾಗಲಿ ಮೈನಸ್ಸಿನಲ್ಲಿ ಇದ್ದದ್ದನ್ನು ಕಂಡಿಲ್ಲ. ಹೈಸ್ಕೂಲಿನಲ್ಲಿ ತೋಟದ ಉದ್ದ ಕಂಡುಹಿಡಿಯುವಾಗ ನಮ್ಮ ಮೇಷ್ಟರೂ ಮೈನಸ್ ಉತ್ತರವನ್ನು ಹೊಡೆದುಹಾಕಿದ್ದರು. ಅದು ತೋಟಕ್ಕೆ ಮಾತ್ರ ಅನ್ವಯಿಸುವ ಮಾತು ಎಂದು ಅವರು ಹೇಳಿದ್ದಿರಬಹುದು. ನನ್ನ ನೆನಪಿನಲ್ಲಿ ಗೆರೆ ಎಳೆದದ್ದು ಮಾತ್ರ ಉಳಿದಿತ್ತು. "ಮೈನಸ್ ಬಂದರೆ ಯೋಚನೆ ಮಾಡಬೇಡ, ಹೊಡೆದುಹಾಕು" ಎಂದು ಅಪ್ಪಣೆ ಮಾಡಿದೆ. ಆ ಮಗು ನಂಬಿತು. ಅವಳಿಗಿಂತ ದೊಡ್ಡವನು, ಬಿ.ಎಸ್ಸಿ. ಓದಿದವನು, ಅಕ್ಕನ ಗಂಡ. ನಂಬದೆ ಏನು ಮಾಡೀತು.

ಪರೀಕ್ಷೆ ಮುಗಿಸಿ ಬಂದವಳ ಕೈಯಿಂದ ಪ್ರಶ್ನೆಪತ್ರಿಕೆ ಈಸಿಕೊಂಡೆ. ಅವಳು ಪೆನ್ಸಿಲಿನಲ್ಲಿ ಉತ್ತರಗಳನ್ನು ಗುರುತು ಮಾಡಿದ್ದಳು. ಒಂದು ಲೆಕ್ಕದ ಮುಂದೆ ಒಂದು, ನಾಲ್ಕು ಎಂದು ಬರೆದು, ಪಕ್ಕದಲ್ಲಿ ಮೈನಸ್ ಮೂರು ಬರೆದು ಗೆರೆ ಎಳೆದಿದ್ದಳು. "ಶಭಾಷ್" ಎಂದು ಬೆನ್ನು ತಟ್ಟಿದೆ.

ಫಲಿತಾಂಶ ಬಂತು. ಮೂವತ್ಮೂರು. ಪಾಸಿಗೆ ಮೂವತ್ತೈದು ಬೇಕಿತ್ತು.

ಮಂಜುಳ ಅಳಲಿಲ್ಲ. ಬಟ್ಟೆ ಮಡಚಿ ಬ್ಯಾಗಿಗೆ ತುಂಬಿಕೊಂಡು ಯಳಂದೂರಿನ ಬಸ್ಸು ಹತ್ತಿದಳು. ನಾನು ಪೇಪರ್ ತಿದ್ದಿದವರ ಮೇಲೆ ಹರಿಹಾಯ್ದೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಅವರ ಬಣ್ಣ ಬಯಲು ಮಾಡುತ್ತೇನೆ ಎಂದು ಇಡೀ ಬೀದಿಗೆ ಸಾರಿದೆ.

ಅದೇ ವಾರ ಹನೂರಿನಿಂದ ಗಣಿತದ ಉಪನ್ಯಾಸಕರೊಬ್ಬರು ಮಗಳ ಮದುವೆಗೆ ಸೀರೆ ಹೇಳಲು ಬಂದರು. ಸೀರೆಯ ಬಣ್ಣ ಕೇಳುವ ಮೊದಲೇ ಅವರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟೆ. "ಅನ್ಯಾಯ ನೋಡಿ ಸಾ."

ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ನೋಡಿದರು. "ಮೂರನೇ ಉತ್ತರ ಯಾಕೆ ಹೊಡೆದಾಕಿದ್ದಾರೆ?"

"ಮೈನಸ್ ಅಲ್ವಾ ಸಾ."

"ಆದ್ರೇನು? ಮೂರೂ ಉತ್ತರ ಕೂಡಿದ್ರೆ ಈ ಲೆಕ್ಕಕ್ಕೆ ಎರಡು ಬರ್ಬೇಕು. ಒಂದು, ನಾಲ್ಕು ಸೇರಿ ಐದಾಯ್ತು. ಮೈನಸ್ ಮೂರು ಬರದೆ ಎರಡೆಲ್ಲಿಂದ ಬರ್ತದೆ? ನೀವೇ ಎಕ್ಸ್ ಇರೋ ಕಡೆ ಇಟ್ಟು ನೋಡಿ."

ಇಟ್ಟು ನೋಡಿದೆ. ಉತ್ತರ ಸೊನ್ನೆ ಬರಬೇಕಿತ್ತು, ಸೊನ್ನೆಯೇ ಬಂತು. ಅಷ್ಟು ಸ್ಪಷ್ಟವಾದ ಸೊನ್ನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮಗು ಚೆನ್ನಾಗೇ ಮಾಡ್ಯದೆ. ಇದಕ್ಕೇ ಎರಡು ಮಾರ್ಕ್ಸ್ ಓಗಿರ್ಬೇಕು. ಪಾಪ, ಇಂಗೆ ಯಾರು ಏಳ್ಕೊಟ್ಟರೋ" ಎಂದರು ಉಪನ್ಯಾಸಕರು.

ಒಳಗಿನಿಂದ ಕಾಫಿ ತಂದ ರತ್ನ ಯಾರು ಎಂದು ಹೇಳಲಿಲ್ಲ. ಲೋಟ ಇಟ್ಟ ಸದ್ದಿನಲ್ಲೇ ಎಲ್ಲ ತಿಳಿಯಿತು.

ಮರುದಿನ ಬೆಳಗ್ಗೆ ಯಳಂದೂರಿಗೆ ಹೋದೆ. ಮಾವ ಜಗಲಿಯ ಮೇಲೆ ಕೂತಿದ್ದರು. ಕಾಮಗೆರೆಯವರು ಭಾನುವಾರ ಬರುವವರಿದ್ದರು. "ಕೂತ್ಕಳಿ ಅಳಿಯಂದ್ರೇ. ನೀವು ಪಟ್ಟ ಪಾಡೆಲ್ಲ ನೀರಗೋಯ್ತು. ಗಾಬ್ರಿಲಿ ತಪ್ಪು ಬರುದ್ಬುಟ್ಟೆ ಅಂತವ್ಳೆ ನಿಮ್ ನಾದ್ನಿ" ಎಂದರು.

ಬಾಗಿಲ ಬಳಿ ನಿಂತಿದ್ದ ಮಂಜುಳ ತಲೆ ತಗ್ಗಿಸಿದಳು. ನನ್ನ ಹೆಸರನ್ನು ಅವಳು ಎತ್ತಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂಥ ನಾಚಿಕೆ ಆಮೇಲೆ ಎಂದೂ ಆಗಿಲ್ಲ. ಕೆಂಪು ಪೆನ್ನಿನಿಂದ ಹಿಡಿದು ಹನೂರಿನವರು ಹೇಳಿದ ತನಕ ಒಂದನ್ನೂ ಬಿಡದೆ ಹೇಳಿದೆ. ಕಾಲೇಜನ್ನು ಅರ್ಧಕ್ಕೆ ಬಿಟ್ಟದ್ದನ್ನೂ ಒಪ್ಪಿಕೊಂಡೆ.

ಶಾಲೆಯ ಮೆಟ್ಟಿಲು ಹತ್ತದ ಮಾವ ಕೊನೆಯತನಕ ಕೇಳಿದರು.

"ಮೈನಸ್ಸು ಅಂದ್ರೆ ಸೊನ್ನೆಗಿಂತ ಕೆಳಗ್ಲುದಾ?"

"ಹೌದು ಮಾವ."

"ನಮ್ ಬಾವೀಲಿ ನೀರು ನೆಲದಿಂದ ಮೂರು ಮಾರು ಕೆಳಕ್ಕದೆ. ಕೆಳಗದೆ ಅಂತ ನೀರೇ ಇಲ್ಲ ಅಂದ್ಬುಟ್ರೆ ಗದ್ದೆ ಗತಿ ಏನು?"

ಮಂಜುಳ ಮೊದಲ ಸಲ ತಲೆ ಎತ್ತಿದಳು. ಮಾವ ಅವಳನ್ನೊಮ್ಮೆ ನೋಡಿದರು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು.

"ಭಾನ್ವಾರ ಯಾರೂ ಬರಾದ್ ಬ್ಯಾಡ ಅಂತ ಕಾಮಗೆರೆಗೆ ಏಳ್ಕಳಿಸ್ತೀನಿ. ಇವ್ಳಿಗೆ ಲೆಕ್ಕ ತಲೆಗತ್ತಲ್ಲ ಅಂದ್ಕಂಡಿದ್ದೆ ಕಣ್ರಿ. ನೀವು ಏಳ್ಕೊಟ್ಟೂ ಮೂವತ್ಮೂರು ತಗಂಡವ್ಳೆ ಅಂದ್ರೆ ಇವ್ಳ ತಲೆ ಸಾಮಾನ್ಯದ್ದಲ್ಲ. ಓದ್ಲಿ ಬುಡಿ."