ದಿಲ್ಲಿ ಹತ್ತಿರ, ಏರ್‌ಪೋರ್ಟ್ ದೂರ

ನಾನು ಚನ್ನಪಟ್ಟಣದಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಬೆಂಗಳೂರಿಂದ ದಿಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಯಾರನ್ನೇ ಕೇಳಿ, ಮೂರು ಗಂಟೆಯೊಳಗೆ ಅಂತ ತಟಕ್ಕನೆ ಹೇಳುತ್ತಾರೆ. ನಮ್ಮೂರಿಂದ ಏರ್‌ಪೋರ್ಟಿಗೆ ಎಷ್ಟು ಹೊತ್ತು ಅಂತ ಮಾತ್ರ ಯಾರೂ ಯೋಚಿಸುವುದಿಲ್ಲ. ಅದನ್ನು ಯೋಚಿಸಿ ಯೋಚಿಸಿಯೇ ನನಗೆ ಬಿಪಿ ಬಂದಿರುವುದು.  ಏರ್‌ಪೋರ್ಟಿಗೆ ಅಂತ ನನ್ನ ಕಾರು ಹತ್ತುವವರೂ ಇಂಥವರೇ.

೧. ತಟ್ಟೆ ಇಡ್ಲಿ

ವಿರೂಪಾಕ್ಷಿಪುರದ ಗೌಡರೊಬ್ಬರು ನೆಂಟರ ಮದುವೆಗೆ ಹುಬ್ಬಳ್ಳಿಗೆ ವಿಮಾನದಲ್ಲಿ ಹೊರಟಿದ್ದರು. ಬಿಡದಿ ಬಂದದ್ದೇ, "ನಿಲ್ಸ್ಲಾ, ಇಡ್ಲಿ ತಿನ್ನಾನ" ಅಂದರು.

"ಗೌಡ್ರೇ, ಟೈಮಿಲ್ಲ."

"ಪ್ಲೇನು ಒಂದೇ ಗಂಟೇಲಿ ಹೋಯ್ತದಂತೆ ಕಣ್ಲಾ. ಉಳಿದಿರೋ ಟೈಮ್ನ ಏನ್ ಮಾಡಾನ?"

ನಾನು ತಿನ್ನುವುದು ಬಿಟ್ಟು ಗಡಿಯಾರ ನೋಡುತ್ತಾ ಕೂತೆ. "ದಂಡ ಆಯ್ತದೆ" ಅಂತ ನನ್ನ ತಟ್ಟೆಯದನ್ನೂ ಅವರೇ ಮುಗಿಸಿದರು.

೨. ದೂರದ ಪ್ರಯಾಣ

ಅದೇ ಗೌಡರನ್ನು ಕೊನೇ ಗಳಿಗೆಯಲ್ಲಿ ಇಳಿಸಿ, ಉಸಿರು ಬಿಟ್ಟು ವಾಪಸ್ ಹೊರಟೆ. ಕೆಂಗೇರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಅವರದೇ ಫೋನು. ವಿಮಾನ ತಪ್ಪಿತೇನೋ ಅಂದುಕೊಂಡೇ ಎತ್ತಿದೆ.

"ಹುಬ್ಬಳ್ಳಿಗ್ ಬಂದ್ಬುಟ್ಟೆ ಕಣ್ಲಾ. ನೀನೆಲ್ಲಿದ್ದೀಯ?"

"ಕೆಂಗೇರಿ, ಗೌಡ್ರೇ."

"ಇನ್ನೂ ಅಲ್ಲೇ ಇದ್ದೀಯಾ? ಉಷಾರಾಗ್ ಹೋಗು ಮಗ, ದೂರದ ಪ್ರಯಾಣ!"

೩. ಮಂಗಳವಾರದ ವಿಮಾನ

ಹೊಂಗನೂರಿನ ಒಬ್ಬ ಅಮ್ಮ. ಮಗಳು ದಿಲ್ಲಿಯಲ್ಲಿ ಚೊಚ್ಚಲ ಹೆರಿಗೆಗೆ ಕಾಯುತ್ತಿದ್ದಳು, ಡಾಕ್ಟರು ಬುಧವಾರಕ್ಕೆ ದಿನ ಕೊಟ್ಟಿದ್ದರು. ವಿಮಾನ ಸಿಕ್ಕಿದ್ದು ಮಂಗಳವಾರ. ಮಂಗಳವಾರ ಇವರು ಮನೆ ಬಿಡುವವರಲ್ಲ. ಅದಕ್ಕೂ ದಾರಿ ಇದೆ. ಹಿಂದಿನ ದಿನ ಒಳ್ಳೇ ಗಳಿಗೆಯಲ್ಲಿ ಒಂದು ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಆಯಿತು, ಅಲ್ಲಿಗೇ ಪ್ರಯಾಣ ಹೊರಟ ಹಾಗೆ. ಅಮ್ಮ ಸೋಮವಾರ ಸಂಜೆಯೇ ಇಟ್ಟು ಬಂದಿದ್ದರು, ಹೊರಡುವಾಗ ಎತ್ತಿಕೊಳ್ಳುವುದಷ್ಟೇ ಬಾಕಿ.

ಬಿಡದಿ ದಾಟುವಾಗ ಪಕ್ಕದ ಮನೆಯವರ ಫೋನು: "ಅಕ್ಕೋ, ನಿನ್ ಬ್ಯಾಗು ಇಲ್ಲೇ ಕುಂತೈತಲ್ಲ!"

ಟಿಕೆಟ್ಟು, ಆಧಾರ್ ಕಾರ್ಡು ಎಲ್ಲ ಅದರಲ್ಲೇ! ನಾನು ಕಾರು ತಿರುಗಿಸಲು ಹೋದರೆ ಅಮ್ಮ ನನ್ನ ಭುಜ ಹಿಡಿದರು. "ಬ್ಯಾಡ ಕಣಪ್ಪ! ಬಾಣಂತನಕ್ ಹೊಂಟ ಗಾಡಿ ಹಿಂದಕ್ ತಿರುಗುಸ್ಬಾರ್ದು."

ಪಕ್ಕದ ಮನೆಯವರು ಬೈಕಿನಲ್ಲಿ ಬ್ಯಾಗು ತರುವವರೆಗೆ ನಾನು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಒಳಗೆ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. "ನಾನಿಲ್ದಿದ್ರೆ ಮಗ್ಳು ಎದ್ರುಕೊಂಡ್ಬುಡ್ತಾಳೆ" ಅಂದರು. ನನಗೂ ಸಂಕಟವಾಯಿತು. ಆಮೇಲೆ ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಗೇಟಿನಲ್ಲಿ ಇಳಿಸಿದಾಗ ಕೌಂಟರ್ ಮುಚ್ಚುವ ಹೊತ್ತಾಗಿಹೋಗಿತ್ತು. ವಿಮಾನ ತಪ್ಪಿತೆಂದೇ ನಾನು ಹೊರಗೆ ಬೆವರುತ್ತಾ ಕಾದೆ.

ಫೋನು ಬಂತು. "ಒಳೀಕ್ ಬುಟ್ರು ಕಣಪ್ಪ!"

"ಹೆಂಗಮ್ಮಾ?"

"ಕೌಂಟ್ರಲ್ಲಿದ್ದ ಹುಡ್ಗಿ, ಯಾಕಮ್ಮ ಇಷ್ಟು ಲೇಟು, ಮನೆ ಯಾವಾಗ ಬಿಟ್ರಿ ಅಂದ್ಲು. ಸುಳ್ ಯಾಕೇಳ್ಲಿ? ನೆನ್ನೆ ಸಂಜೇನೇ ಹೊಂಟೆ ತಾಯಿ ಅಂದೆ. 'ಅಯ್ಯೋ ಪಾಪ, ಅಷ್ಟು ದೂರದಿಂದ ಬಂದಿದ್ದೀರಾ!' ಅಂತ ಎಲ್ಲಾರ್ಗಿಂತ ಮುಂದಕ್ ಕಳುಸ್ಬುಟ್ಲು!"