ದೀಕ್ಷಾಳ ಕೆನ್ನೆಗೆ ಕಾವಲು

ಮುಖ ಎಂಬುದು ನನ್ನ ಮಟ್ಟಿಗೆ ಬೆಳಗ್ಗೆ ನೀರು ಎರಚಿ ಮರೆತುಬಿಡುವ ಜಾಗ. ಐವತ್ತು ದಾಟಿದರೂ ಒಂದೇ ಸೋಪಿನಲ್ಲಿ ತಲೆ, ಮುಖ, ಅಂಗಾಲು ಎಲ್ಲವನ್ನೂ ನಿಭಾಯಿಸುತ್ತ ಬಂದವನು ನಾನು. ಇಂಥವನನ್ನು ಮದುಮಗಳ ಮುಖಕ್ಕೆ ಕಾವಲು ನಿಲ್ಲಿಸಿದರು. ಆ ಬೆಳಗ್ಗೆ ನಡೆದದ್ದಕ್ಕಿಂತ ಹೆಚ್ಚು ಊರಲ್ಲಿ ಸುದ್ದಿಯಾಗಿರುವುದರಿಂದ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಸ್ವಲ್ಪ ನಿಧಾನವಾದರೆ ಕ್ಷಮಿಸಬೇಕು. ಅರಶಿನದ ಬಟ್ಟಲು ಕಂಡರೆ ಈಗಲೂ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಮದುಮಗಳು ನನ್ನ ಅಕ್ಕನ ಮಗಳು ದೀಕ್ಷಾ, ಅರಂತೋಡಿನವಳು. ನಿಶ್ಚಿತಾರ್ಥದ ದಿನ ಅವಳ ಗೆಳತಿಯೊಬ್ಬಳು ಪ್ರೀತಿಯಿಂದ ಮೇಕಪ್ ಮಾಡಿದ್ದಳು. ಎದುರಿಗೆ ನೋಡುವಾಗ ಚೆನ್ನಾಗಿಯೇ ಇತ್ತು. ಕ್ಯಾಮೆರಾದ ಬೆಳಕು ಬಿದ್ದಾಗ ಮಾತ್ರ ಮುಖ ಸುಣ್ಣ ಬಳಿದ ಗೋಡೆಯಾಗಿ, ಕುತ್ತಿಗೆ ಅವಳದ್ದೇ ಕುತ್ತಿಗೆಯಾಗಿ, ನಡುವೆ ಗದ್ದದ ಉದ್ದಕ್ಕೂ ಒಂದು ಗೆರೆ ಎದ್ದಿತ್ತು. ಮೊಬೈಲಿನಲ್ಲಿ ಆ ಫೋಟೋ ನೋಡಿದ ಹುಡುಗನ ಅಜ್ಜಿ, ಪಕ್ಕದಲ್ಲೇ ಕೂತಿದ್ದ ದೀಕ್ಷಾಳನ್ನು, "ಇದರಲ್ಲಿ ನಮ್ಮ ಹುಡುಗಿ ಯಾರು ಮಗಾ?" ಎಂದು ಕೇಳಿದರಂತೆ. ಅವಳು ಅಲ್ಲಿ ನಕ್ಕಳು. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಸಂಜೆ ನಾನು ಬಾಗಿಲು ತಟ್ಟಿದಾಗ ಹೇಳಿದ್ದು ಇಷ್ಟೇ: "ಮಾವ, ಮದುವೆ ಫೋಟೋದಲ್ಲಿ ನಾನು ನನ್ನ ಹಾಗೇ ಕಾಣ್ಬೇಕು. ಬೇರೆ ಎಂತದೂ ಬೇಡ."

ಹಾಗೆ ಪುತ್ತೂರಿನಿಂದ ಶೈಲಾ ಮೇಡಂ ನಮ್ಮ ಬದುಕಿಗೆ ಬಂದರು. ಬ್ಯೂಟಿಷಿಯನ್. ನಿಧಾನ ಮಾತಿನವರು, ಆದರೆ ಮಾತಿಗೆ ಎರಡನೆಯ ಅರ್ಥವಿಲ್ಲ. ಬಿಸಿಲಿಗೆ ಹೋಗುವ ಮುಂಚೆ ಸನ್‌ಸ್ಕ್ರೀನ್ ಕಡ್ಡಾಯ ಎಂದರು. ಅಂದಿನಿಂದ ತೋಟಕ್ಕೆ ಮಂಗಗಳು ಬಂದಾಗಲೂ ದೀಕ್ಷಾ ಮೊದಲು ಕನ್ನಡಿಯ ಮುಂದೆ ನಿಂತು ಕ್ರೀಮು ಹಚ್ಚಿ, ಅದು ಆರುವ ತನಕ ಕಾದು, ಆಮೇಲೆ ಓಡಿಸಲು ಹೋಗುತ್ತಿದ್ದಳು. ಅಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿ ವಿಶ್ರಾಂತಿ ಪಡೆಯುತ್ತಿದ್ದವು. ನನ್ನ ಭಾವ, ಎಂದರೆ ಅವಳ ಅಪ್ಪ, ಹಲ್ಲು ಕಚ್ಚಿ ಸಹಿಸಿದರು. ತಿಂಗಳುಗಳ ಈ ತಪಸ್ಸಿನ ಕೊನೆಗೆ ಮೇಡಂ ಒಂದು ಮಾತು ಹೇಳಿ ಹೋದರು: "ಮದುವೆ ದಿನ ಮುಖಕ್ಕೆ ಎಣ್ಣೆ, ಅರಶಿನ ಮುಟ್ಟಿಸ್ಬೇಡಿ. ಎಣ್ಣೆ ಇದ್ರೆ ಮೇಕಪ್ ನಿಲ್ಲುದಿಲ್ಲ. ಅರಶಿನದ ಕಲೆ ಫೋಟೋದಲ್ಲಿ ಅಡಗುದಿಲ್ಲ."

ನಮ್ಮಲ್ಲಿ ಮದುವೆ ದಿನ ಮುಂಜಾನೆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಪಾದದಿಂದ ಶುರುಮಾಡಿ ಮೊಣಕಾಲು, ಕೈ, ಭುಜ, ಕೊನೆಗೆ ಕೆನ್ನೆಗೆ ಎಣ್ಣೆ ಅರಶಿನ ಹಚ್ಚಬೇಕು. ಕೊನೆಯವರು ಮನೆಯ ಹಿರಿಯರು. ಅಂದರೆ ನನ್ನ ಅಮ್ಮ, ದೀಕ್ಷಾಳ ಅಜ್ಜಿ. ಕುಟುಂಬದ ಯಾವ ಹುಡುಗಿಯೂ ಅವರ ಕೈಯ ಅರಶಿನ ಕೆನ್ನೆಗೆ ಬೀಳದೆ ಧಾರೆಗೆ ನಿಂತದ್ದಿಲ್ಲ. ಅವರಿಗೆ ಈ ನಿಷೇಧ ತಿಳಿಸುವವರು ಯಾರು? ಅಕ್ಕ ನನ್ನನ್ನು ನೋಡಿದಳು. ನನ್ನ ಹೆಂಡತಿಯೂ ನೋಡಿದಳು. "ಸೋದರಮಾವ ಅಂದ್ಮೇಲೆ ಮಣೆ ಪಕ್ಕದಲ್ಲಿ ನೀವು ಇರ್ಲೇಬೇಕು. ಭುಜದಿಂದ ಮೇಲಕ್ಕೆ ಯಾರ ಕೈಯೂ ಹೋಗದ ಹಾಗೆ ನೋಡ್ಕೊಳ್ಳಿ," ಎಂದಳು. ಅಮ್ಮನಿಗೆ ಹೇಳಲು ನಾನು ಹಿಂದಿನ ದಿನವಿಡೀ ಪ್ರಯತ್ನಪಟ್ಟೆ. ಪ್ರತಿ ಸಲ ಊಟ ಆಯ್ತಾ ಎಂದು ಕೇಳಿ ವಾಪಸು ಬಂದೆ.

ಮುಂಜಾನೆ ದೀಕ್ಷಾ ಮಣೆಯ ಮೇಲೆ ಕೂತಳು. ಕತ್ತು ನೆಟ್ಟಗೆ, ಕಣ್ಣು ನನ್ನ ಮೇಲೆ. ಮೊದಲು ಭಾವನ ಅತ್ತಿಗೆ ಬಂದರು. ಪಾದ, ಮೊಣಕಾಲು, ಕೈ, ಭುಜ. ನಾನು ಕೆಮ್ಮಿದೆ. ಅದು ಸಾಕೆನ್ನುವ ಕೆಮ್ಮು ಎಂದು ತಿಳಿದು ಅವರು ಕೈ ಹಿಂದೆಗೆದರು. ಎರಡನೆಯವರಿಗೂ ಕೆಮ್ಮಿದೆ. ಮೂರನೆಯವರು, "ಎಂತ ಮಾರಾಯ್ರೆ, ಶುಂಠಿ ಕಷಾಯ ಕುಡೀರಿ," ಎಂದು ಹೇಳಿ ಕೆನ್ನೆಯ ಕಡೆಗೆ ಎತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

ಆಮೇಲೆ ಅಮ್ಮ ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಣ್ಣ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಪಾದ ಹುಡುಕಿ ಹಚ್ಚಿದರು. ಮೊಣಕಾಲು, ಕೈ, ಭುಜ. ನಾನು ಕೆಮ್ಮಿದೆ. ಕೈ ನಿಲ್ಲಲಿಲ್ಲ. ಮತ್ತೆ ಕೆಮ್ಮಿದೆ. ಅರಶಿನ ತುಂಬಿದ ಅಂಗೈ ಗಾಳಿಯಲ್ಲಿ ನಿಧಾನವಾಗಿ ಏರುತ್ತಿತ್ತು. ಕೈ ಹಿಡಿಯುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಒಂದು ಮುಖ. ಬಗ್ಗಿ ಅದನ್ನೇ ನಡುವೆ ಒಡ್ಡಿದೆ.

ಅಮ್ಮ ನನ್ನ ಕೆನ್ನೆಗೆ ಎಣ್ಣೆ ಅರಶಿನವನ್ನು ತೃಪ್ತಿಯಾಗಿ ಮೆತ್ತಿದರು. ಬೆರಳು ಮೂಗಿನ ಕೆಳಗೆ ಬಂದು ನಿಂತಿತು.

"ಹುಡುಗಿಗೆ ಮೀಸೆ ಯಾವಾಗ ಬಂತು?" ಎಂದರು ಅಮ್ಮ.

ಯಾರೂ ನಗಲಿಲ್ಲ. ಅಮ್ಮನ ಕೈ ಹಾಗೇ ಗಾಳಿಯಲ್ಲಿತ್ತು. "ನನ್ನ ಕೈ ಬೇಡ ಅಂತಾದ್ರೆ ಮೊದ್ಲೇ ಹೇಳ್ಬಹುದಿತ್ತಲ್ಲ ಮಗಾ," ಎಂದರು. ಅದು ನನಗೆ ಹೇಳಿದ್ದೋ ದೀಕ್ಷಾಳಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಇಬ್ಬರೂ ತಲೆ ತಗ್ಗಿಸಿದೆವು.

ಮೊದಲು ತಲೆ ಎತ್ತಿದವಳು ದೀಕ್ಷಾ. ಅಜ್ಜಿಯ ಕೈ ಹಿಡಿದು, ಕೂದಲು ಸರಿಸಿ, ತನ್ನ ಕಿವಿಯ ಹಿಂದಕ್ಕೆ ಒತ್ತಿಕೊಂಡಳು. "ಇಲ್ಲಿ ಹಚ್ಚಿ ಅಜ್ಜಿ. ಇಲ್ಲಿ ಹಚ್ಚಿದ್ದು ಮೇಕಪ್‌ಗೂ ಸಿಗುದಿಲ್ಲ, ಕ್ಯಾಮೆರಾಕ್ಕೂ ಸಿಗುದಿಲ್ಲ. ನಿಮ್ಮದು ನನ್ನ ಹತ್ರವೇ ಇರ್ತದೆ." ಅಮ್ಮ ಎರಡೂ ಕಿವಿಗಳ ಹಿಂದೆ ಹಚ್ಚಿದರು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. "ಇದೂ ಮುಖವೇ ಅಲ್ವಾ," ಎಂದು ತಮಗೆ ತಾವೇ ಹೇಳಿಕೊಂಡರು.

ಶೈಲಾ ಮೇಡಂ ಬಂದು ಟಾರ್ಚ್ ಹಿಡಿದು ದೀಕ್ಷಾಳ ಮುಖ ಪರೀಕ್ಷಿಸಿ, "ಅಡ್ಡಿಯಿಲ್ಲ," ಎಂದರು. ಆಮೇಲೆ ಟಾರ್ಚನ್ನು ನನ್ನ ಕಡೆ ತಿರುಗಿಸಿ, "ಇವರಿಗೂ ಮೇಕಪ್ ನಾನೇ ಮಾಡುದಾ?" ಎಂದು ಕೇಳಿದರು. ನಾನು ಬಚ್ಚಲಿಗೆ ಓಡಿ ನನ್ನ ಆ ಒಂದೇ ಸೋಪು ಹಾಕಿ ಉಜ್ಜಿದೆ. ಸೋಪು ತಾಗಿದ ಅರಶಿನ ಕೆಂಪಾಯಿತು. ಇನ್ನೂ ಉಜ್ಜಿದೆ, ಕೆನ್ನೆಯೂ ಕೆಂಪಾಯಿತು. ಒಟ್ಟಿನಲ್ಲಿ ಕೇಸರಿ ಬಣ್ಣದ ಬೆರಳ ಗುರುತುಗಳು ಕೆನ್ನೆಯ ಮೇಲೆ ಸ್ಪಷ್ಟವಾಗಿ ಉಳಿದವು. ಸುಳ್ಯದ ಮದುವೆ ಹಾಲ್‌ನಲ್ಲಿ ಜನ ಮೊದಲು ನನ್ನ ಕೆನ್ನೆ ನೋಡಿದರು, ಆಮೇಲೆ ನನ್ನ ಹೆಂಡತಿಯನ್ನು ನೋಡಿದರು. ಅವಳು ಆ ದಿನವಿಡೀ ನನ್ನಿಂದ ದೂರವೇ ಓಡಾಡಿದಳು.

ಮೊನ್ನೆ ಫೋಟೋಗಳು ಬಂದವು. ದೀಕ್ಷಾ ದೀಕ್ಷಾಳ ಹಾಗೆಯೇ ಇದ್ದಳು. ಹುಡುಗನ ಅಜ್ಜಿಯೂ ಯಾರನ್ನೂ ಕೇಳದೆ ಗುರುತಿಸಿದರಂತೆ. ಸೋದರಮಾವ ಎಂಬ ಕಾರಣಕ್ಕೆ ಪ್ರತಿ ಫೋಟೋದಲ್ಲೂ ಅವಳ ಪಕ್ಕದಲ್ಲಿ ನಾನಿದ್ದೆ. ಅಮ್ಮ ಆಲ್ಬಮ್ಮನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನನ್ನ ಕೇಸರಿ ಕೆನ್ನೆಯ ಮೇಲೆ ಬೆರಳಿಟ್ಟು, "ಮದುಮಗಳು ಚಂದ ಬಂದಿದ್ದಾಳೆ," ಎಂದರು.

ದೀಕ್ಷಾ ನನ್ನನ್ನು ನೋಡಿದಳು. ನಾನು ಕೆಮ್ಮಲಿಲ್ಲ.